ಗೋಲಗುಮ್ಮಟಕ್ಕಿಂತ ಒಂದೇ ಮೀಟರ್ ದೊಡ್ಡದು, ಅಷ್ಟೇನಾ?

ಪ್ರಶ್ನೆ: ಮಗಳ ಮನೆಗೆಂದು ಸಿಂಗಾಪುರಕ್ಕೆ ಹೋದವರು ಹಾಗೇ ಜಕಾರ್ತಾವನ್ನೂ ನೋಡಿಕೊಂಡು ಬಂದೆವು. ಅಲ್ಲಿನ ಇಸ್ತಿಕ್ಲಾಲ್ ಇಂಡೊನೇಷ್ಯಾದ ರಾಷ್ಟ್ರೀಯ ಮಸೀದಿ. ಹೊರಗಿನಿಂದ ನೋಡಿದರೆ ದೊಡ್ಡ ಸರ್ಕಾರಿ ಕಚೇರಿ ಇದ್ದ ಹಾಗಿದೆ. ಗುಮ್ಮಟ 45 ಮೀಟರ್ ಅಗಲ, ಸ್ವಾತಂತ್ರ್ಯ ಬಂದ 1945ರ ನೆನಪಿಗೆ ಎಂದು ಗೈಡ್ ಹೇಳಿದರು. ನಮ್ಮ ಗೋಲಗುಮ್ಮಟವೇ 44 ಮೀಟರ್ ಇದೆ ಅಲ್ವಾ? ಮುನ್ನೂರು ವರ್ಷ ಆದಮೇಲೆ, ಅಷ್ಟೊಂದು ಸಿಮೆಂಟು ಕಬ್ಬಿಣ ಇಟ್ಟುಕೊಂಡು ಒಂದು ಮೀಟರ್ ಜಾಸ್ತಿ ಮಾಡಿದ್ದೇ ಸಾಧನೆಯಾ? ಒಂದು ವಿಷಯ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಹೊರಗೆ ಬೆವರು ಸುರಿಯುತ್ತಿತ್ತು, ಒಳಗೆ ಹೋದರೆ ಹಾಯಾಗಿತ್ತು. ಅದು ಹೇಗೆ? ಕುಂದಾಪುರದ ಹತ್ತಿರ ನಮ್ಮೂರಿನಲ್ಲಿ ಸಮುದಾಯ ಭವನ ಕಟ್ಟುತ್ತಿದ್ದೇವೆ, ನಾನು ಸಮಿತಿಯಲ್ಲಿದ್ದೇನೆ. ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಒಳಗೆ ಹಾಯಾಗಿತ್ತು ಅಂದಿರಲ್ಲ, ಇಸ್ತಿಕ್ಲಾಲ್ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಅದೇ. ಗೈಡ್‌ಗಳು ಅಳತೆ ಹೇಳುತ್ತಾರೆ, ಫೋಟೋದಲ್ಲಿ ಗುಮ್ಮಟ ಬೀಳುತ್ತದೆ, ಗಾಳಿ ಮಾತ್ರ ಯಾವ ಫೋಟೋಕ್ಕೂ ಸಿಗುವುದಿಲ್ಲ. ಹೋಗಿ ನಿಂತವರಿಗಷ್ಟೇ ಗೊತ್ತಾಗುತ್ತದೆ. ನಾನು ಎರಡು ಸಲ ಹೋಗಿದ್ದೇನೆ, ಎರಡು ಸಲವೂ ಮಧ್ಯಾಹ್ನದ ಹೊತ್ತು, ಮೋಡ ಕವಿದು ಧಗೆ ಏರಿ ಇನ್ನೇನು ಮಳೆ ಬರಬೇಕು ಎನ್ನುವ ಹೊತ್ತಿನಲ್ಲಿ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ ಮೊದಲು ಗೊತ್ತಾದದ್ದು ಅಂಗಾಲಿಗೆ. ನೆಲ ತಣ್ಣಗಿತ್ತು. ಆಮೇಲೆ ಕತ್ತಿನ ಹಿಂಭಾಗಕ್ಕೆ ಗಾಳಿ ತಾಗಿತು. ತಲೆಯೆತ್ತಿ ಗುಮ್ಮಟ ನೋಡಿದ್ದು ಅದಾದ ಮೇಲೆ.

ಆದರೆ ನಿಮ್ಮ ಗೋಲಗುಮ್ಮಟದ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಾರೆ, ಯಾಕೆಂದರೆ ಗಾಳಿಯ ಗುಟ್ಟು ಅದರಲ್ಲೇ ಇದೆ.

ವಿಜಯಪುರದ ಗೋಲಗುಮ್ಮಟ ಮುಗಿದದ್ದು 1656ರಲ್ಲಿ, ಮೊಹಮ್ಮದ್ ಆದಿಲ್ ಶಾಹನ ಸಮಾಧಿಯಾಗಿ. ಹೊರಗಿನ ಅಳತೆ ಸುಮಾರು 44 ಮೀಟರ್, ನೀವು ಹೇಳಿದ್ದು ಸರಿ. ಒಳಗಿನ ಅಳತೆ ತೆಗೆದುಕೊಂಡರೆ ಸುಮಾರು 38 ಮಾತ್ರ. ನಡುವೆ ಆರು ಮೀಟರ್ ಎಲ್ಲಿ ಹೋಯಿತು? ಗುಮ್ಮಟದ ದಪ್ಪಕ್ಕೆ ಹೋಯಿತು. ಬುಡದಲ್ಲಿ ಆ ಗುಮ್ಮಟ ಮೂರು ಮೀಟರ್ ದಪ್ಪ ಇದೆ. ಇಟ್ಟಿಗೆ ಮತ್ತು ಗಾರೆಗೆ ಅಷ್ಟು ದಪ್ಪ ಬೇಕೇ ಬೇಕು. ಇಟ್ಟಿಗೆಯನ್ನು ಎಷ್ಟು ಬೇಕಾದರೂ ಒತ್ತಿ, ತಡೆದುಕೊಳ್ಳುತ್ತದೆ. ಎಳೆದರೆ ಬಿಟ್ಟುಕೊಡುತ್ತದೆ. ಗುಮ್ಮಟದ ತೊಂದರೆ ಏನೆಂದರೆ, ಅದು ತನ್ನ ಭಾರಕ್ಕೆ ತಾನೇ ಬುಡದಲ್ಲಿ ಅಗಲವಾಗಲು ನೋಡುತ್ತದೆ. ರೊಟ್ಟಿ ಹಿಟ್ಟಿನ ಉಂಡೆಯನ್ನು ಮೇಲಿಂದ ಅದುಮಿದರೆ ಸುತ್ತ ಹರಡುತ್ತದಲ್ಲ, ಹಾಗೆ. ಆ ಹರಡುವಿಕೆಯನ್ನು ತಡೆಯಲು ನಮ್ಮ ಕುಶಲಕರ್ಮಿಗಳು ಒಂದನ್ನೊಂದು ಹಾದುಹೋಗುವ ಕಮಾನುಗಳನ್ನು ಕಟ್ಟಿ, ಅವುಗಳ ಭಾರ ಒಳಗಡೆಗೆ ಬರುವ ಹಾಗೆ ಮಾಡಿ, ಹೊರಗೆ ತಳ್ಳುವ ಗುಮ್ಮಟವನ್ನು ಒಳಗೆ ಎಳೆಯುವ ಭಾರದಿಂದ ಹಿಡಿದು ನಿಲ್ಲಿಸಿದರು. ಆ ಲೆಕ್ಕಾಚಾರ ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅಷ್ಟಾದರೂ ಕೆಳಗೆ ಗೋಡೆ ಬೇಕೇ ಬೇಕಾಯಿತು, ಅದೂ ಮೂರು ಮೀಟರ್ ದಪ್ಪದ್ದು. ಗೋಡೆಯಲ್ಲಿ ದೊಡ್ಡ ಕಿಂಡಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ, ಇರುವುದೂ ಸಾಧ್ಯವಿರಲಿಲ್ಲ.

ಇಸ್ತಿಕ್ಲಾಲ್‌ನ ಗುಮ್ಮಟ ಉಕ್ಕಿನ ಹಂದರ, ಮೇಲೆ ಕಾಂಕ್ರೀಟ್ ಹೊದಿಕೆ. ಉಕ್ಕು ಎಳೆತಕ್ಕೆ ಜಗ್ಗುವುದಿಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರ ಕಬ್ಬಿಣದ ಪಟ್ಟಿ ಕಾಯಿಸಿ ಹಾಕುತ್ತಾನಲ್ಲ, ಹಾಗೆ ಬುಡಕ್ಕೆ ಒಂದು ಗಟ್ಟಿ ಬಳೆ ತೊಡಿಸಿದರೆ ಗುಮ್ಮಟ ಹರಡುವ ಮಾತೇ ಇಲ್ಲ, ಭಾರವೆಲ್ಲ ನೇರವಾಗಿ ಕೆಳಗೆ ಇಳಿಯುತ್ತದೆ. ಅದನ್ನು ಹೊರಲು ವೃತ್ತಾಕಾರದಲ್ಲಿ ನಿಂತ 12 ಕಂಬಗಳು ಸಾಕಾದವು. ಆ ಕಂಬಗಳ ಹತ್ತಿರ ಹೋದಿರಾ? ನಾಲ್ಕು ಜನ ಕೈಕೈ ಹಿಡಿದು ನಿಂತರೂ ಅಪ್ಪಿಕೊಳ್ಳಲು ಆಗದಷ್ಟು ದಪ್ಪ, ಮೈತುಂಬ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲಿನ ತಗಡು. ಈಗ ಗೋಡೆಗೆ ಯಾವ ಕೆಲಸ ಉಳಿಯಿತು ಹೇಳಿ? ಏನೂ ಇಲ್ಲ. ಭಾರ ಹೊರುವ ಕೆಲಸದಿಂದ ಗೋಡೆ ಬಿಡುಗಡೆಯಾಯಿತು. ಹಾಗಾಗಿ ಅವರು ಗೋಡೆಯನ್ನೇ ಕಿತ್ತು ಆ ಜಾಗದಲ್ಲಿ ಜಾಲಂಧ್ರ ಇಟ್ಟರು.

ಹಾಗಾಗಿ ಒಂದು ಮೀಟರ್ ಹೆಚ್ಚು ಎನ್ನುವುದು ಮುಖ್ಯವಲ್ಲ. ಅದೇ ಅಗಲದ ಗುಮ್ಮಟವನ್ನು ಗೋಡೆಯೇ ಇಲ್ಲದೆ ನಿಲ್ಲಿಸಿದರಲ್ಲ, ಮುನ್ನೂರು ವರ್ಷಗಳ ವ್ಯತ್ಯಾಸ ಅಲ್ಲಿದೆ.

ಇನ್ನೊಂದು ಮಾತು. ವಿಜಯಪುರಕ್ಕೆ ದಪ್ಪ ಗೋಡೆ ಒಳ್ಳೆಯದೇ. ಅದು ಒಣ ಹವೆಯ ಊರು. ಹಗಲು ಕಾದು ರಾತ್ರಿ ತಣ್ಣಗಾಗುತ್ತದೆ. ದಪ್ಪ ಗೋಡೆ ಹಗಲಿನ ಬಿಸಿಯನ್ನು ಕುಡಿದು ಒಳಗೆ ಬಿಡದೆ ಇಟ್ಟುಕೊಂಡು ರಾತ್ರಿ ಹೊರಗೆ ಬಿಡುತ್ತದೆ. ಜಕಾರ್ತಾದಲ್ಲಿ ಈ ಆಟ ನಡೆಯುವುದಿಲ್ಲ. ಸಮಭಾಜಕದಿಂದ ಕೇವಲ ಆರು ಡಿಗ್ರಿ ದಕ್ಷಿಣಕ್ಕೆ, ಸಮುದ್ರದ ದಂಡೆಯಲ್ಲಿರುವ ಊರು. ರಾತ್ರಿಯೂ ಸೆಕೆ, ಹಗಲೂ ಸೆಕೆ, ವರ್ಷಪೂರ್ತಿ ತೇವ. ಅಲ್ಲಿ ದಪ್ಪ ಗೋಡೆ ಕಟ್ಟಿದರೆ ಒಮ್ಮೆ ಕಾದದ್ದು ಆರುವುದೇ ಇಲ್ಲ, ಒಳಗೆ ಒಲೆಯಾಗುತ್ತದೆ. ಬೆವರು ಆರಬೇಕು ಅಂದರೆ ಗಾಳಿ ಆಡಬೇಕು, ಬೇರೆ ದಾರಿಯಿಲ್ಲ. ಇದನ್ನು ಕುಂದಾಪುರದವರಿಗೆ ನಾನು ವಿವರಿಸಬೇಕಾಗಿಲ್ಲ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಕಡೆಯ ಜನ ಎಲ್ಲಿ ಕೂರುತ್ತಾರೆ? ಒಳಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಎಲ್ಲರೂ ಜಗಲಿಗೆ ಬರುತ್ತಾರೆ.

ಇಸ್ತಿಕ್ಲಾಲ್‌ನ ವಾಸ್ತುಶಿಲ್ಪಿಯ ತಲೆಯಲ್ಲಿ ಇದ್ದದ್ದೂ ಜಗಲಿಯೇ. ಫ್ರೀಡ್ರಿಕ್ ಸಿಲಾಬಾನ್, 1912ರಲ್ಲಿ ಉತ್ತರ ಸುಮಾತ್ರಾದಲ್ಲಿ ಹುಟ್ಟಿದವರು, ಬತಾಕ್ ಸಮುದಾಯದವರು, ಕ್ರೈಸ್ತ ಪಾದ್ರಿಯೊಬ್ಬರ ಮಗ. ಹೌದು, ಜಗತ್ತಿನಲ್ಲೇ ಹೆಚ್ಚು ಮುಸ್ಲಿಮರಿರುವ ದೇಶದ ರಾಷ್ಟ್ರೀಯ ಮಸೀದಿಯನ್ನು ರೂಪಿಸಿದ್ದು ಒಬ್ಬ ಪ್ರೊಟೆಸ್ಟೆಂಟ್ ಕ್ರೈಸ್ತ. 1955ರಲ್ಲಿ ವಿನ್ಯಾಸಕ್ಕೆ ಸ್ಪರ್ಧೆ ಕರೆದರು. ಸ್ಪರ್ಧಿಗಳು ಹೆಸರಿನ ಬದಲು ಒಂದು ಸಂಕೇತಪದ ಬರೆದು ಕೊಡಬೇಕಿತ್ತು. ಸಿಲಾಬಾನ್ ಬರೆದದ್ದು 'ಕೆತುಹಾನನ್' ಎಂದು. ದೈವಿಕತೆ, ದೇವರಿಗೆ ಸಂಬಂಧಿಸಿದ್ದು ಎಂಬ ಅರ್ಥ. ತೀರ್ಪುಗಾರರ ಮುಖ್ಯಸ್ಥರು ಅಧ್ಯಕ್ಷ ಸುಕಾರ್ನೊ ಅವರೇ. ಸುಕಾರ್ನೊ ಬಾಂಡುಂಗ್‌ನಲ್ಲಿ ಇಂಜಿನಿಯರಿಂಗ್ ಓದಿದವರು, ನಕ್ಷೆ ಬಿಡಿಸಿ ನೋಡುವ ಅಭ್ಯಾಸ ಇದ್ದವರು, ಹಾಗಾಗಿ ಆ ತೀರ್ಪು ಬರೀ ರಾಜಕಾರಣಿಯ ತೀರ್ಪಾಗಿರಲಿಲ್ಲ. ಸಿಲಾಬಾನ್ ಗೆದ್ದರು. ಮುಂದೆ ಕಟ್ಟಡ ಮುಗಿಯುವವರೆಗೆ ಅವರ ಬದುಕಿನ ದೊಡ್ಡ ಭಾಗವೇ ಅದಕ್ಕೆ ಹೋಯಿತು.

ಸಿಲಾಬಾನ್ ಅವರ ವಾದ ಸರಳವಾಗಿತ್ತು. ಬಿಸಿಲೂ ಮಳೆಯೂ ಜೋರಾಗಿರುವ ದೇಶದಲ್ಲಿ ಕಟ್ಟಡ ಎಂದರೆ ಮೊದಲು ಮಾಡು, ಆಮೇಲೆ ಉಳಿದದ್ದು. ಸೂರು ಅಗಲವಾಗಿರಲಿ, ಸುತ್ತ ಜಗಲಿ ಇರಲಿ, ಬಿಸಿಲು ಗೋಡೆಗೆ ತಾಗದಿರಲಿ, ಎರಚಲು ಒಳಗೆ ಬರದಿರಲಿ, ಗಾಳಿ ಮಾತ್ರ ಬರಲಿ. ಇಸ್ತಿಕ್ಲಾಲ್‌ನ ಹೊರಮೈಯನ್ನು ಇನ್ನೊಮ್ಮೆ ನಿಮ್ಮ ಫೋಟೋಗಳಲ್ಲಿ ನೋಡಿ. ಉದ್ದುದ್ದ ಚೌಕಾಕಾರದ ಕಂಬಗಳ ಸಾಲು, ಪ್ರತಿ ಅಂತಸ್ತಿಗೂ ಹೊರಗೆ ಚಾಚಿದ ಚಪ್ಪಡಿ, ಅದರ ಹಿಂದೆ ನೆರಳು. ಸರ್ಕಾರಿ ಕಚೇರಿಯ ಹಾಗೆ ಕಾಣುತ್ತದೆ ಅಂದಿರಿ. ಆ ಕಾಲದ ಸರ್ಕಾರಿ ಕಟ್ಟಡಗಳೂ ಇದೇ ಭಾಷೆಯಲ್ಲಿ ಇದ್ದವು, ಅದಕ್ಕೇ ಹಾಗನ್ನಿಸುತ್ತದೆ. ಆದರೆ ಕಚೇರಿಯಲ್ಲಿ ಆ ನೆರಳಿನ ಹಿಂದೆ ಗಾಜಿನ ಕಿಟಕಿ ಇರುತ್ತದೆ. ಇಲ್ಲಿ ಜಾಲಂಧ್ರ ಇದೆ.

ಅದನ್ನು ಅವರು ಕೆರವಾಂಗ್ ಎನ್ನುತ್ತಾರೆ. ಸ್ಟೀಲಿನ ಪಟ್ಟಿಗಳನ್ನು ರೇಖಾಗಣಿತದ ಚಿತ್ತಾರದಲ್ಲಿ ಜೋಡಿಸಿದ ಪರದೆ. ನಡುಮನೆಯಂಥ ಆ ಹಜಾರದಲ್ಲಿ ನಿಂತು ದೂರದಿಂದ ನೋಡಿದರೆ ಅಂಚಿಗೆ ಲೇಸು ಹಾಕಿದ ಹಾಗೆ ಹಗುರವಾಗಿ ಕಾಣುತ್ತದೆ. ಹತ್ತಿರ ಹೋದರೆ ಗಟ್ಟಿ ಕೆಲಸ, ಕೈ ಆಚೆ ತೂರುವಷ್ಟು ದೊಡ್ಡ ಕಿಂಡಿಗಳು. ನಾನು ಎರಡನೇ ಸಲ ಹೋದಾಗ ಬಾಲ್ಕನಿಯ ಕೊನೆಯಲ್ಲಿ ಆ ಪರದೆಗೆ ಅಂಗೈ ಇಟ್ಟು ನಿಂತೆ. ಹೊರಗೆ ಮಳೆ ಶುರುವಾಗಿತ್ತು. ಸ್ಟೀಲು ತಣ್ಣಗಿತ್ತು, ಗಾಳಿ ಬೆರಳ ಸಂದಿಯಿಂದ ನುಗ್ಗುತ್ತಿತ್ತು, ಅಂಗೈಗೆ ಒಂದು ಹನಿಯೂ ಬೀಳಲಿಲ್ಲ. ಮೇಲಿನ ಚಪ್ಪಡಿ ಎಷ್ಟು ಹೊರಗೆ ಚಾಚಿದೆ ಎನ್ನುವುದು ಆಗ ಅರ್ಥವಾಯಿತು. ನೆಲದ ಮೇಲೆ ಪರದೆಯ ಚಿತ್ತಾರದ ನೆರಳು ಬಿದ್ದಿತ್ತು. ಒಬ್ಬರು ಹಿರಿಯರು ಆ ನೆರಳಿನ ಮೇಲೇ ತಲೆಯಡಿ ಕೈಯಿಟ್ಟು ಮಲಗಿ ನಿದ್ದೆ ಹೋಗಿದ್ದರು. ಸೆಕೆಯ ಊರಿನ ಕಟ್ಟಡಕ್ಕೆ ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ನನಗೆ ಬೇರೆ ಗೊತ್ತಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ನಿಮ್ಮ ಭವನಕ್ಕೂ ಬೇಕಾಗುತ್ತದೆ. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ, ಹಳೇ ಕಾಲದ ಒಂದು ಬಲ್ಬಿನಷ್ಟು. ಇಸ್ತಿಕ್ಲಾಲ್‌ಗೆ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರುವಷ್ಟು ಜಾಗ ಇದೆ, ಅಂಗಳವನ್ನೂ ಸೇರಿಸಿ. ಈದ್ ದಿನ ಒಳಗೆ 50 ಸಾವಿರ ಜನ ಇದ್ದಾರೆ ಎಂದು ಇಟ್ಟುಕೊಳ್ಳಿ. ಜನರ ಮೈಯ ಶಾಖವೇ 5,000 ಕಿಲೋವ್ಯಾಟ್ ಆಯಿತು. ಅದನ್ನು ಎಸಿಯಿಂದ ತೆಗೆಯಬೇಕೆಂದರೆ ನಮ್ಮ ಮನೆಗಳಲ್ಲಿ ಹಾಕುವ ಒಂದೂವರೆ ಟನ್ನಿನ ಯಂತ್ರಗಳು ಸಾವಿರದ ಹತ್ತಿರ ಬೇಕು, ಅದೂ ಜನರ ಶಾಖಕ್ಕಷ್ಟೇ, ಬಿಸಿಲಿನ ಲೆಕ್ಕ ಬೇರೆ. 1955ರ ಬಡ ದೇಶ ಅದನ್ನು ಕನಸಿನಲ್ಲೂ ಯೋಚಿಸುವ ಹಾಗಿರಲಿಲ್ಲ. ಹಾಗಾಗಿ ಎರಡು ಉಪಾಯ ಮಾಡಿದರು. ಬದಿಗಳನ್ನು ತೆರೆದು ಬಿಟ್ಟರು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ಮತ್ತೆ ಮಾಡನ್ನು ತುಂಬ ಎತ್ತರಕ್ಕೆ ಒಯ್ದರು, ಬಿಸಿಯಾದ ಗಾಳಿ ಹಗುರವಾಗಿ ಮೇಲೇರಿ ಕೂತವರ ತಲೆಯಿಂದ ಎಷ್ಟೋ ದೂರ ಹೋಗಿ ನಿಲ್ಲುತ್ತದೆ. ಜೊತೆಗೆ ನೆಲಕ್ಕೆ ಅಮೃತಶಿಲೆ. ಮೊದಲು ಇಟಲಿಯಿಂದ ತರಿಸುವ ಯೋಚನೆ ಇತ್ತು, ಆಮೇಲೆ ಖರ್ಚು ನೋಡಿ, ತಮ್ಮ ದೇಶದ ಗಣಿಗಳಿಗೇ ಕೆಲಸ ಸಿಗಲಿ ಎಂದು ಪೂರ್ವ ಜಾವಾದ ತುಲುಂಗಾಗುಂಗ್‌ನಿಂದ ತರಿಸಿದರು. ನಿಮ್ಮ ಅಂಗಾಲಿಗೆ ತಣ್ಣಗೆ ತಾಗಿದ್ದು ಆ ಕಲ್ಲು.

ಇನ್ನು ಸಂಖ್ಯೆಗಳ ವಿಷಯ. ಗೈಡ್ ಹೇಳಿದ್ದು ಕಟ್ಟುಕಥೆ ಅಲ್ಲ. ದೊಡ್ಡ ಗುಮ್ಮಟ 45 ಮೀಟರ್, ಪ್ರವೇಶದ ಮೇಲಿನ ಚಿಕ್ಕ ಗುಮ್ಮಟ 8 ಮೀಟರ್, ಅಂದರೆ ಆಗಸ್ಟ್ 1945. ಸ್ವಾತಂತ್ರ್ಯ ಘೋಷಿಸಿದ್ದು 1945ರ ಆಗಸ್ಟ್ 17ರಂದು. 12 ಕಂಬಗಳು ಪ್ರವಾದಿಯವರು ಹುಟ್ಟಿದ ರಬೀಉಲ್ ಅವ್ವಲ್ ತಿಂಗಳ 12ನೇ ದಿನಕ್ಕೆ. ಮುಖ್ಯ ನೆಲ ಮತ್ತು ನಾಲ್ಕು ಬಾಲ್ಕನಿ ಸೇರಿ ಐದು ಅಂತಸ್ತು, ಇಸ್ಲಾಮಿನ ಐದು ಆಧಾರಗಳಿಗೆ ಒಂದು ಲೆಕ್ಕ, ಅವರ ರಾಷ್ಟ್ರತತ್ವವಾದ ಪಂಚಶೀಲಕ್ಕೆ ಇನ್ನೊಂದು ಲೆಕ್ಕ. ಮಿನಾರು ಒಂದೇ, ದೇವರು ಒಬ್ಬನೇ ಎಂದು. ಅದರ ಎತ್ತರ 66.66 ಮೀಟರ್, ಕುರ್‌ಆನ್‌ನಲ್ಲಿ 6,666 ವಚನಗಳಿವೆ ಎಂಬ ಜನರ ನಂಬಿಕೆಗೆ ತಕ್ಕಂತೆ. ಎಣಿಸುವವರ ರೂಢಿಯ ಲೆಕ್ಕ 6,236, ಆದರೆ 6,666 ಎನ್ನುವುದು ಜನರ ಬಾಯಲ್ಲಿ ಬೇರೂರಿದ ಸಂಖ್ಯೆ. ಮಿನಾರಿನ ಮೇಲೆ 30 ಮೀಟರಿನ ಉಕ್ಕಿನ ಕಳಸ, ಕುರ್‌ಆನ್‌ನ 30 ಭಾಗಗಳಿಗೆ.

ಆ ಕಾಲದ ಇಂಡೊನೇಷ್ಯಾಕ್ಕೆ ಈ ಸಂಖ್ಯೆಗಳ ಪ್ರೀತಿ ಬಹಳ. ಅವರ ರಾಷ್ಟ್ರಲಾಂಛನದ ಗರುಡನಿಗೆ ರೆಕ್ಕೆಯೊಂದಕ್ಕೆ 17 ಗರಿ, ಬಾಲಕ್ಕೆ 8, ಕುತ್ತಿಗೆಗೆ 45. ಮಸೀದಿಯ ಎದುರಿನ ಮೈದಾನದಲ್ಲಿರುವ ರಾಷ್ಟ್ರೀಯ ಸ್ಮಾರಕದಲ್ಲೂ 17, 8, 45 ಸಿಗುತ್ತವೆ. ಹೊಸದಾಗಿ ಹುಟ್ಟಿದ ದೇಶ, ಸಾವಿರಾರು ದ್ವೀಪ, ನೂರಾರು ಭಾಷೆ. ಎಲ್ಲರಿಗೂ ಒಂದೇ ಹಬ್ಬ ಎಂದರೆ ಆ ತಾರೀಖು. ಅದನ್ನು ಕಲ್ಲಿನಲ್ಲೂ ಕಬ್ಬಿಣದಲ್ಲೂ ಬರೆದಿಟ್ಟರು. ಮಕ್ಕಳನ್ನು ಕರೆತಂದ ಶಿಕ್ಷಕಿಯೊಬ್ಬರು ಕಂಬ ಎಣಿಸಲು ಹೇಳುತ್ತಿದ್ದುದನ್ನು ನೋಡಿದ್ದೇನೆ, ಮಕ್ಕಳು ಓಡಿ ಓಡಿ ಎಣಿಸಿ ಹನ್ನೆರಡು ಎಂದು ಕೂಗುತ್ತಿದ್ದರು, ನನಗೆ ತುಂಬ ಖುಷಿಯಾಯಿತು. ಆದರೆ ವಾಸ್ತುಶಿಲ್ಪದ ಮಾತು ಬಂದಾಗ ಒಂದು ವಿಷಯ ಸ್ಪಷ್ಟವಾಗಿ ಹೇಳಲೇಬೇಕು. ಆ ಗುಮ್ಮಟ 43 ಇದ್ದಿದ್ದರೂ 47 ಇದ್ದಿದ್ದರೂ ಕಟ್ಟಡ ಹೀಗೇ ಇರುತ್ತಿತ್ತು. ಜಾಲಂಧ್ರದ ಬದಲು ಗಾಜು ಹಾಕಿದ್ದರೆ ಕಟ್ಟಡವೇ ಬೇರೆಯಾಗುತ್ತಿತ್ತು.

ಮಸೀದಿಯಂತೆ ಕಾಣಲಿಲ್ಲ ಎನ್ನುವ ನಿಮ್ಮ ಮಾತನ್ನು ಅಲ್ಲಿನವರೂ ಆಡಿದ್ದಾರೆ, ಬೇರೆ ಕಾರಣಕ್ಕೆ. ಜಾವಾದ ಹಳೆಯ ಮಸೀದಿಗಳಿಗೆ ಗುಮ್ಮಟವೇ ಇರಲಿಲ್ಲ. ದೆಮಾಕ್ ಎಂಬ ಊರಿನ 15ನೇ ಶತಮಾನದ ಮಸೀದಿಗೆ ಮರದ ದೊಡ್ಡ ಕಂಬಗಳ ಮೇಲೆ ಮೂರು ಅಂತಸ್ತಿನ ಇಳಿಜಾರು ಮಾಡು. ನಮ್ಮ ಕರಾವಳಿಯಲ್ಲೂ ಹಾಗೇ ಇತ್ತು, ಮಂಗಳೂರಿನ ಝೀನತ್ ಬಕ್ಷ್ ಮಸೀದಿಯ ಒಳಗೆ ಕೆತ್ತನೆಯ ಮರದ ಕಂಬಗಳನ್ನು ನೋಡಿದರೆ ಗೊತ್ತಾಗುತ್ತದೆ. ಮಳೆಯೂರಿನ ಬಡಗಿಗಳು ಯಾವ ಧರ್ಮದ ಮನೆ ಕಟ್ಟಿದರೂ ಮಾಡನ್ನು ಇಳಿಜಾರಾಗಿಯೇ ಕಟ್ಟುತ್ತಾರೆ. ಹಾಗಿರುವಾಗ ಇಂಡೊನೇಷ್ಯಾದ ರಾಷ್ಟ್ರೀಯ ಮಸೀದಿಗೆ ಆ ಮಾಡು ಯಾಕಿಲ್ಲ, ಈ ಗುಮ್ಮಟ ಯಾಕೆ ಎಂಬ ಪ್ರಶ್ನೆ ಎದ್ದದ್ದು ಸಹಜ. ಮುಂದೆ ಅಧ್ಯಕ್ಷ ಸುಹಾರ್ತೊ 1982ರಲ್ಲಿ ಶುರು ಮಾಡಿದ ಪ್ರತಿಷ್ಠಾನವೊಂದು ದೇಶದುದ್ದಕ್ಕೂ 999 ಮಸೀದಿಗಳನ್ನು ಕಟ್ಟಿಸಿತು, ಎಲ್ಲದಕ್ಕೂ ಮೂರು ಅಂತಸ್ತಿನ ಜಾವಾ ಮಾಡು. ನನ್ನ ಅಭಿಪ್ರಾಯ ಕೇಳಿದರೆ, ಸುಕಾರ್ನೊ ಅವರ ಕಾಲದ ಆಯ್ಕೆ ತಪ್ಪಲ್ಲ. ಜಾವಾ ಮಾಡನ್ನು ಹಾಕಿದ್ದರೆ ಸುಮಾತ್ರಾದವರಿಗೆ, ಸುಲವೇಸಿಯವರಿಗೆ ಅದು ಪಕ್ಕದ ದ್ವೀಪದ ಮಸೀದಿಯಾಗಿ ಕಾಣುತ್ತಿತ್ತು. ಗುಮ್ಮಟ ಯಾರದ್ದೂ ಆಗಿರಲಿಲ್ಲ, ಅದಕ್ಕೇ ಎಲ್ಲರದ್ದಾಯಿತು. ಹಳೆಯದನ್ನು ಅವರು ಬೇರೆ ರೀತಿಯಲ್ಲಿ ಉಳಿಸಿಕೊಂಡರು. ಮಿನಾರಿನ ಕಡೆ ಹೋದಾಗ ಒಂದು ಭಾರೀ ನಗಾರಿ ನೋಡಿರಬೇಕು. ಬೆದುಗ್ ಎನ್ನುತ್ತಾರೆ, ಒಂದೇ ಮರದ ಬೊಡ್ಡೆ ಕೊರೆದು ಚರ್ಮ ಬಿಗಿದದ್ದು. ಧ್ವನಿವರ್ಧಕ ಬರುವ ಮೊದಲು ಹಳ್ಳಿ ಹಳ್ಳಿಯಲ್ಲಿ ನಮಾಜಿನ ಹೊತ್ತನ್ನು ಅದೇ ಸಾರುತ್ತಿತ್ತು.

ಜಾಗದ ಜಗಳವೂ ಇತ್ತು. ಉಪಾಧ್ಯಕ್ಷ ಮೊಹಮ್ಮದ್ ಹತ್ತಾ ಅವರು ಮಸೀದಿ ಜನವಸತಿಯ ನಡುವೆ ಇರಲಿ, ಈಗ ಹೋಟೆಲ್ ಇಂಡೊನೇಷ್ಯಾ ಇರುವ ಕಡೆ ಕಟ್ಟೋಣ ಎಂದರು. ಸುಕಾರ್ನೊ ಒಪ್ಪಲಿಲ್ಲ. ಡಚ್ಚರ ಹಳೇ ಕೋಟೆಯಿದ್ದ ವಿಲ್ಹೆಲ್ಮಿನಾ ಉದ್ಯಾನವೇ ಆಗಬೇಕು ಎಂದರು. ಅದಕ್ಕೆ ಕಾರಣ ಇತ್ತು. ಜಾವಾದ ಊರುಗಳಲ್ಲಿ ಅರಮನೆ, ಅದರ ಮುಂದೆ ಬಯಲು, ಬಯಲಿನ ಬದಿಗೆ ಮಸೀದಿ ಇರುವುದು ರೂಢಿ. ಇಲ್ಲಿ ಅಧ್ಯಕ್ಷರ ಅರಮನೆ, ಮೆರ್ದೇಕಾ ಬಯಲು, ಬದಿಗೆ ಇಸ್ತಿಕ್ಲಾಲ್. ಮೆರ್ದೇಕಾ ಎಂದರೆ ಮಲಯ ಭಾಷೆಯಲ್ಲಿ ಸ್ವಾತಂತ್ರ್ಯ, ಇಸ್ತಿಕ್ಲಾಲ್ ಎಂದರೆ ಅರಬಿಯಲ್ಲಿ ಅದೇ. ರಸ್ತೆಯಾಚೆ 1901ರ ಕ್ಯಾಥೊಲಿಕ್ ಕ್ಯಾಥೆಡ್ರಲ್. ಎರಡು ಅಕ್ಕಪಕ್ಕ ಇರಬೇಕೆನ್ನುವುದು ಸುಕಾರ್ನೊ ಅವರ ಆಸೆಯೇ ಆಗಿತ್ತು. ಕ್ರಿಸ್‌ಮಸ್‌ಗೆ ಚರ್ಚಿಗೆ ಬಂದವರು ಮಸೀದಿಯ ಅಂಗಳದಲ್ಲಿ ಕಾರು ನಿಲ್ಲಿಸುತ್ತಾರೆ. ಈಗ ಎರಡರ ನಡುವೆ ರಸ್ತೆಯಡಿಗೆ ಸುರಂಗದಾರಿಯೂ ಆಗಿದೆ, 2024ರ ಸೆಪ್ಟೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಂದಾಗ ಇಸ್ತಿಕ್ಲಾಲ್‌ನ ಇಮಾಮರ ಜೊತೆ ಅದರ ಬಾಯಿಗೇ ಬಂದು ನಿಂತಿದ್ದರು.

ಕಟ್ಟಲು 17 ವರ್ಷ ಹಿಡಿಯಿತು. 1961ರ ಆಗಸ್ಟ್ 24ರಂದು ಅಡಿಗಲ್ಲು, 1978ರ ಫೆಬ್ರುವರಿ 22ರಂದು ಉದ್ಘಾಟನೆ. ನಡುವೆ ದುಡ್ಡು ಖಾಲಿಯಾಯಿತು, 1965ರ ರಕ್ತಪಾತ ಆಯಿತು, ಸುಕಾರ್ನೊ ಅಧಿಕಾರ ಕಳೆದುಕೊಂಡು 1970ರಲ್ಲಿ ತೀರಿಕೊಂಡರು, ಬಾಗಿಲು ತೆರೆದದ್ದು ಸುಹಾರ್ತೊ. ಅಷ್ಟೆಲ್ಲ ಆದರೂ ವಿನ್ಯಾಸದ ಮೂಲ ಯೋಚನೆಯನ್ನು ಯಾರೂ ಕೆಡಿಸಲಿಲ್ಲ ಎನ್ನುವುದು ನನಗೆ ದೊಡ್ಡ ವಿಷಯ. ಇಂಥ ಕೆಲಸಗಳಲ್ಲಿ ಸರ್ಕಾರ ಬದಲಾದರೆ ನಕ್ಷೆಯೂ ಬದಲಾಗುತ್ತದೆ. ಟರ್ಕಿಯ ಅಂಕಾರಾದಲ್ಲಿ ವಾಸ್ತುಶಿಲ್ಪಿ ವೇದಾತ್ ದಾಲೊಕಾಯ್ ಅವರ ಆಧುನಿಕ ಮಸೀದಿಯ ವಿನ್ಯಾಸವನ್ನು ಕೆಲಸ ಶುರುವಾದ ಮೇಲೆ ಕೈಬಿಟ್ಟು ಹಳೇ ಆಟೊಮನ್ ಮಾದರಿಯಲ್ಲಿ ಕೊಚತೆಪೆ ಮಸೀದಿ ಕಟ್ಟಿದರು. ಅದೇ ದಾಲೊಕಾಯ್ ಆಮೇಲೆ ಇಸ್ಲಾಮಾಬಾದಿನಲ್ಲಿ ಗುಮ್ಮಟವೇ ಇಲ್ಲದ, ಡೇರೆಯಂಥ ಫೈಸಲ್ ಮಸೀದಿ ಮಾಡಿದರು. ನಿಮ್ಮ ಮಗಳ ಮನೆಯಿಂದ ಹತ್ತಿರವೇ ಇರುವ ಕ್ವಾಲಾಲಂಪುರದ ರಾಷ್ಟ್ರೀಯ ಮಸೀದಿಯನ್ನೂ ಒಮ್ಮೆ ನೋಡಿ, 1965ರದ್ದು. ಅದರ ಮಾಡು ಬಿಚ್ಚಿದ ಛತ್ರಿ, 73 ಮೀಟರಿನ ಮಿನಾರಿನ ತುದಿ ಮಡಿಸಿದ ಛತ್ರಿ. ಮಳೆಯೂರಿನ ಮಸೀದಿ ಹೇಗಿರಬೇಕು ಎಂಬ ಅದೇ ಪ್ರಶ್ನೆಗೆ ಅವರ ಉತ್ತರ ಅದು. ಅಲ್ಲಿನ ಜಗಲಿಗಳು ಇಸ್ತಿಕ್ಲಾಲ್‌ಗಿಂತ ಆಪ್ತವಾಗಿವೆ ಎಂದು ನನಗನ್ನಿಸುತ್ತದೆ.

ಇಸ್ತಿಕ್ಲಾಲ್‌ನಲ್ಲಿ ಕೊರತೆ ಇಲ್ಲವೆಂದಲ್ಲ. ಗೇಟಿನಿಂದ ಹಜಾರದವರೆಗೆ ನಡೆಯುವುದು ವಯಸ್ಸಾದವರಿಗೆ ಕಷ್ಟ. ದೊಡ್ಡ ಅಂಗಳದಲ್ಲಿ ಬಿಸಿಲಿಗೆ ನೆರಳಿಲ್ಲ. ಸಾಧಾರಣ ದಿನಗಳಲ್ಲಿ ಕೆಲವೇ ಸಾಲು ಜನ ನಿಂತಾಗ ಅಷ್ಟು ದೊಡ್ಡ ಜಾಗ ಬಣಬಣ ಎನ್ನುತ್ತದೆ. 2021ರ ಜನವರಿಯಲ್ಲಿ ದೊಡ್ಡ ದುರಸ್ತಿ ಮುಗಿಸಿ ಮತ್ತೆ ತೆರೆದಾಗ ದೀಪ, ತೋಟ, ನದಿಯಂಚು ಎಲ್ಲ ಚೆನ್ನಾಗಿ ಮಾಡಿದ್ದಾರೆ, ಮಾಡಿನ ಮೇಲೆ ಸೌರಫಲಕಗಳು ಬಂದಿವೆ. 2022ರಲ್ಲಿ ವಿಶ್ವಬ್ಯಾಂಕ್ ಬಳಗದ ಹಸಿರು ಕಟ್ಟಡ ಪ್ರಮಾಣಪತ್ರ ಪಡೆದ ಮೊದಲ ಪ್ರಾರ್ಥನಾ ಮಂದಿರವೂ ಅದಾಯಿತು. ಜಾಲಂಧ್ರ ಮಾತ್ರ ಹಾಗೇ ಇದೆ.

ಈಗ ನಿಮ್ಮ ಭವನ. ಮೊದಲು ನನಗೇ ಆದ ಒಂದು ನೋವಿನ ಕಥೆ ಹೇಳಿಬಿಡುತ್ತೇನೆ. ಕರಾವಳಿಯ ಒಂದು ಊರಿನಲ್ಲಿ ಕೆಲವು ವರ್ಷಗಳ ಹಿಂದೆ ಇಂಥದ್ದೇ ಭವನಕ್ಕೆ ನಕ್ಷೆ ಮಾಡಿಕೊಟ್ಟಿದ್ದೆ. ಮೂರು ಕಡೆ ಜಾಲಂಧ್ರ, ಸುತ್ತ ಜಗಲಿ. ಕಟ್ಟಿದ್ದೂ ಆಯಿತು, ಮೊದಲ ಎರಡು ಮದುವೆಗಳೂ ಚೆನ್ನಾಗಿ ನಡೆದವು. ಆಮೇಲೆ ಸಮಿತಿಯವರಿಗೆ ಪಕ್ಕದ ಊರಿನ ಎಸಿ ಹಾಲ್ ಕಣ್ಣಿಗೆ ಬಿತ್ತು. ಜಾಲಂಧ್ರಕ್ಕೆಲ್ಲ ಗಾಜು ಜಡಿದು ಮುಚ್ಚಿದರು. ಎಸಿಗೆ ದುಡ್ಡು ಸಾಲಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಧಾರೆಯ ಹೊತ್ತಿಗೆ ಅಜ್ಜಿಯೊಬ್ಬರು ಸೆಕೆಗೆ ತಲೆ ತಿರುಗಿ ಬಿದ್ದರು. ಆ ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಆ ಗಾಜು ಈಗಲೂ ಇದೆ.

ನಿಮ್ಮದು 600 ಜನರ ಹಾಲ್ ಎಂದುಕೊಂಡರೆ ಜನರ ಶಾಖವೇ 60 ಕಿಲೋವ್ಯಾಟ್, ಒಂದೂವರೆ ಟನ್ನಿನ ಹನ್ನೆರಡು ಎಸಿಗಳು ಅದಕ್ಕೇ ಹೋದವು, ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ಸಭೆಯಲ್ಲಿ ಮೊದಲೇ ಕೇಳಿ. ಕುಂದಾಪುರಕ್ಕೆ ಜಕಾರ್ತಾಕ್ಕಿಂತ ಮಳೆ ಜಾಸ್ತಿ, ಅದೂ ಗಾಳಿಯ ಜೊತೆ ಪಶ್ಚಿಮದಿಂದಲೂ ನೈಋತ್ಯದಿಂದಲೂ ಬರುತ್ತದೆ. ಹಾಗಾಗಿ ಜಗಲಿ ಸುತ್ತ ಒಂದೇ ಅಗಲ ಬೇಡ. ಪಶ್ಚಿಮಕ್ಕೂ ದಕ್ಷಿಣಕ್ಕೂ ಕನಿಷ್ಠ ಹತ್ತಡಿ ಇರಲಿ, ಸೂರು ತಗ್ಗಾಗಿ ಇಳಿದು ಬರಲಿ, ಉಳಿದ ಕಡೆ ಆರಡಿ ಸಾಕು. ಜಾಲಂಧ್ರಕ್ಕೆ ಸ್ಟೀಲ್ ಬೇಡವೇ ಬೇಡ, ಉಪ್ಪುಗಾಳಿ ಇದೆ, ಖರ್ಚೂ ಹೆಚ್ಚು. ಮಂಗಳೂರು ಹೆಂಚಿನ ಕಾರ್ಖಾನೆಯವರು ಮಣ್ಣಿನ ಜಾಲಿ ಇಟ್ಟಿಗೆ ಮಾಡುತ್ತಾರೆ, ಇಲ್ಲವಾದರೆ ಮುರಕಲ್ಲನ್ನೇ ಬಿಡಿಸಿ ಬಿಡಿಸಿ ಕಟ್ಟಿದರೂ ಆಗುತ್ತದೆ. ಕಿಂಡಿಗಳು ಕೂತವರ ಎದೆಯ ಮಟ್ಟದಿಂದಲೇ ಶುರುವಾಗಲಿ, ತಲೆಯ ಮೇಲೆ ವೆಂಟಿಲೇಟರ್ ಇಟ್ಟರೆ ಬೆವರಿಗೆ ಗಾಳಿ ತಾಗುವುದಿಲ್ಲ. ಅಡುಗೆಮನೆಯನ್ನು ಪೂರ್ವಕ್ಕೆ ಬೇರೆಯಾಗಿಯೇ ಕಟ್ಟಿ, ಹಗಲು ಸಮುದ್ರದ ಗಾಳಿ ಬೀಸಿದಾಗ ಹೊಗೆ, ಒಗ್ಗರಣೆಯ ಘಾಟು ಆಚೆಗೇ ಹೋಗುತ್ತದೆ. ನಡುವೆ ಕಂಬ ಇಲ್ಲದ ಹಾಲ್ ಬೇಕು ಎಂದು ಎಲ್ಲರೂ ಹಟ ಮಾಡುತ್ತಾರೆ, ಉಕ್ಕಿನ ತ್ರಿಕೋನ ಚೌಕಟ್ಟು ಹಾಕಿ ಮೇಲೆ ಹೆಂಚು ಹೊದಿಸಿದರೆ ಅದೂ ಸಿಗುತ್ತದೆ, ಮಾಡು ಎತ್ತರವಾಗುತ್ತದೆ, ನೆತ್ತಿಯಲ್ಲಿ ಬಿಸಿಗಾಳಿ ಹೋಗಲು ಸಂದು ಬಿಡಬಹುದು.

ನಕ್ಷೆಯ ಮೊದಲ ಹಾಳೆ ಸಿದ್ಧವಾದಾಗ ಜಾಗದ ಫೋಟೋ ಜೊತೆ ಕಳುಹಿಸಿ. ಜಾಗದಲ್ಲಿ ಪಶ್ಚಿಮಕ್ಕೆ ಮರಗಳಿದ್ದರೆ ಗುರುತು ಹಾಕಿ, ದಯವಿಟ್ಟು ಅಲ್ಲಿಯವರೆಗೆ ಯಾವುದನ್ನೂ ಕಡಿಸಬೇಡಿ.